ಕೆಫೀನ್: ಚಮಚದ ಲೆಕ್ಕ ತಪ್ಪಿದರೆ

2015ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ನಾರ್ಥಂಬ್ರಿಯಾ ವಿಶ್ವವಿದ್ಯಾಲಯದಲ್ಲಿ ವ್ಯಾಯಾಮದ ಮೇಲೆ ಕೆಫೀನ್ ಬೀರುವ ಪರಿಣಾಮವನ್ನು ಅಳೆಯುವ ಪ್ರಯೋಗವೊಂದು ನಡೆಯಿತು. ಇಬ್ಬರು ವಿದ್ಯಾರ್ಥಿಗಳಿಗೆ ತಲಾ 0.3 ಗ್ರಾಂ ಕೆಫೀನ್ ಕೊಡಬೇಕಿತ್ತು. ದಶಮಾಂಶ ಬಿಂದು ಜಾಗ ತಪ್ಪಿದ್ದರಿಂದ ಸುಮಾರು 30 ಗ್ರಾಂ ಅವರ ಹೊಟ್ಟೆ ಸೇರಿತು. ತೀವ್ರ ನಿಗಾ ಘಟಕದಲ್ಲಿ ಡಯಾಲಿಸಿಸ್‌ಗೆ ಒಳಗಾಗಿ ಇಬ್ಬರೂ ಬದುಕುಳಿದರು. 2017ರಲ್ಲಿ ನ್ಯಾಯಾಲಯವು ವಿಶ್ವವಿದ್ಯಾಲಯಕ್ಕೆ ನಾಲ್ಕು ಲಕ್ಷ ಪೌಂಡ್ ದಂಡ ವಿಧಿಸಿತು. ಪ್ರಯೋಗಾಲಯದಲ್ಲಿಯೇ ಹೀಗಾಗುವುದಾದರೆ, ಪುಡಿಯನ್ನು ಚಮಚದಲ್ಲಿ ಅಂದಾಜಿನಿಂದ ಕಲಸಿ ಕುಡಿಯುವ ನಮ್ಮ ಬಡಾವಣೆಯ ಯುವಕರ ಗತಿಯೇನು?

ಕಾಫಿಯನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ರಾಜ್ಯದವನು ನಾನು. ಬೆಳಗಿನ ನಡಿಗೆಗೆ ಮುನ್ನ ಒಂದು ಲೋಟ ಫಿಲ್ಟರ್ ಕಾಫಿ ನನಗೂ ಬೇಕು. ಮಿದುಳಿನಲ್ಲಿ ದಣಿವಿನ ಸೂಚನೆ ನೀಡುವ ಅಡೆನೊಸಿನ್ ಎಂಬ ರಾಸಾಯನಿಕ ಕೂರಬೇಕಾದ ಜಾಗವನ್ನು ಕೆಫೀನ್ ಆಕ್ರಮಿಸುತ್ತದೆ. ದಣಿವು ಇಲ್ಲವಾಗುವುದಿಲ್ಲ, ಅದರ ಅರಿವು ಮುಂದಕ್ಕೆ ಹೋಗುತ್ತದೆ, ಅಷ್ಟೆ. ದೇಹತೂಕದ ಪ್ರತಿ ಕಿಲೋಗೆ 3ರಿಂದ 6 ಮಿಲಿಗ್ರಾಂನಷ್ಟು ಕೆಫೀನ್ ಸೇವನೆಯಿಂದ ಓಟ, ಸೈಕಲ್ ಸವಾರಿಯಂತಹ ದೀರ್ಘ ಶ್ರಮದಲ್ಲಿ ಸಾಮರ್ಥ್ಯ ಅಲ್ಪಮಟ್ಟಿಗೆ ಹೆಚ್ಚುವುದನ್ನು ಸಂಶೋಧನೆಗಳು ತೋರಿಸಿವೆ. 2004ರಲ್ಲಿ ಕ್ರೀಡಾಪಟುಗಳ ನಿಷೇಧಿತ ಪಟ್ಟಿಯಿಂದಲೂ ಅದನ್ನು ಕೈಬಿಡಲಾಯಿತು.

ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಓದುವ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ಪ್ರಮಾಣ 9 ಮಿಲಿಗ್ರಾಂಗೆ ಏರಿದರೆ ಹೆಚ್ಚಿನ ಲಾಭವಿಲ್ಲ. ಎದೆಬಡಿತ, ಕೈನಡುಕ, ಆತಂಕಗಳು ಮಾತ್ರ ಹೆಚ್ಚುತ್ತವೆ. ದೇಹದಲ್ಲಿನ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಏಳಕ್ಕೆ ಜಿಮ್‌ನಲ್ಲಿ ಕುಡಿದದ್ದರ ಅರ್ಧದಷ್ಟು ನಡುರಾತ್ರಿಯಲ್ಲಿಯೂ ಉಳಿದಿರುತ್ತದೆ. ಸ್ನಾಯುಗಳ ಚೇತರಿಕೆಗೆ ಬೇಕಾದ ನಿದ್ರೆಯನ್ನೇ ಅದು ಕಸಿಯುತ್ತದೆ.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಒಮ್ಮೆಗೆ 200 ಮಿಲಿಗ್ರಾಂವರೆಗೆ ಸುರಕ್ಷಿತವೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿತು. ಶುದ್ಧ ಕೆಫೀನ್ ಪುಡಿಯ ಒಂದು ಟೀ ಚಮಚ ಸುಮಾರು 28 ಕಪ್ ಕಾಫಿಗೆ ಸಮವೆಂದು ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಸಿದ್ದಾರೆ. ಲೋಟದ ಕಾಫಿಗೆ ಸಹಜ ಮಿತಿಯಿದೆ. ಡಬ್ಬದ ಪುಡಿಗೆ ಆ ಮಿತಿ ಇಲ್ಲ.

ಹಾಗಾಗಿ ಮಾಹಿತಿಯೇ ಇಲ್ಲಿ ರಕ್ಷಣೆ. ಕೇಂದ್ರದ ಆಹಾರ ನಿಯಮಗಳ ಪ್ರಕಾರ ಆಹಾರದ ಪೊಟ್ಟಣದ ಮೇಲಿನ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು. ಎರಡೂ ಭಾಷೆಗಳನ್ನು ಸರಾಗವಾಗಿ ಓದಲಾರದ ಹುಡುಗನಿಗೆ ತರಬೇತುದಾರನ ಮಾತೇ ವೇದವಾಕ್ಯ. ಆ ತರಬೇತುದಾರನೇ ಮಾರಾಟಗಾರನೂ ಆಗಿದ್ದರೆ ಮಾರುಕಟ್ಟೆ ತನ್ನಷ್ಟಕ್ಕೆ ತಾನು ಸರಿಹೋಗದು. ಒಂದು ಚಮಚದಲ್ಲಿ ಎಷ್ಟು ಮಿಲಿಗ್ರಾಂ ಕೆಫೀನ್ ಇದೆ, ದಿನದ ಮಿತಿ ಎಷ್ಟು ಎಂಬ ಎರಡು ಸಾಲು ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಇರಬೇಕು. ಜಿಮ್‌ಗಳಲ್ಲಿ ಅದೇ ವಿವರದ ಫಲಕ ಹಾಕಿಸುವುದಕ್ಕೆ ಸ್ಥಳೀಯ ಸಂಸ್ಥೆಗಳು ಮುಂದಾಗಬೇಕು. ಬೊಕ್ಕಸಕ್ಕೆ ಇದರಿಂದ ಹೊರೆಯೇನೂ ಬೀಳುವುದಿಲ್ಲ. ಅನಾಹುತ ಸಂಭವಿಸಿದ ಮೇಲೆ ತನಿಖಾ ಸಮಿತಿ ನೇಮಿಸುವುದಕ್ಕಿಂತ ಇದು ಎಷ್ಟೋ ಅಗ್ಗ.