ಕಬ್ಬಿನ ಗಾಡಿಯಲ್ಲಿ ಸಿದ್ದಪ್ಪಾಜಿ

ಕಬ್ಬು ಕಟಾವಿನ ಕಾಲದಲ್ಲಿ ಶಿವಪುರದ ರಸ್ತೆಗೆ ಸಂಜೆ ಎಂಬುದು ಬರುವುದೇ ಟ್ರಾಕ್ಟರುಗಳ ಹಿಂದೆ. ಮುಂದಿನ ಗಾಡಿ ಗುಂಡಿಗೆ ಇಳಿದರೆ ಹಿಂದಿನ ನಾಲ್ಕೂ ನಿಲ್ಲುತ್ತವೆ. ತೇರಿನಂತೆ ಏರಿಸಿ ಕಟ್ಟಿದ ಹೊರೆಯಿಂದ ಒಂದೆರಡು ಜಲ್ಲೆ ಜಾರಿ ಬಿದ್ದರೆ ಹುಡುಗರು ಎಳೆದುಕೊಂಡು ಓಡುತ್ತಾರೆ. ಡ್ರೈವರ್ ಬೈಯುವುದಿಲ್ಲ, ಬೈದರೂ ಕೇಳಿಸುವುದಿಲ್ಲ. ಅವನ ತಲೆಯ ಹಿಂದೆ ತಂತಿಯಲ್ಲಿ ಬಿಗಿದ ಸ್ಪೀಕರಿನಲ್ಲಿ ತಂಬೂರಿ ಗುಂಯ್ ಎನ್ನುತ್ತಿರುತ್ತದೆ. ಅದರ ಮೇಲೆ ಗಗ್ಗರದ ಝಲ್ಲು, ಅದರ ಮೇಲೆ ಈ ಸೀಮೆಯ ಯಾರಿಗೂ ಹೆಸರು ಹೇಳಿ ಪರಿಚಯಿಸಬೇಕಿಲ್ಲದ ಒಂದು ದನಿ. ಮಳವಳ್ಳಿ ಮಹದೇವಸ್ವಾಮಿ. ಎಳನೀರು ಲಾರಿಗೆ ಲೋಡು ಮಾಡುತ್ತಿದ್ದವನು ಗೊನೆ ಎತ್ತಿಕೊಟ್ಟು, ಹಿಮ್ಮೇಳದ ಸೊಲ್ಲಿಗೆ ಸರಿಯಾಗಿ ತಾನೂ ಬಾಯಿ ಕೂಡಿಸುತ್ತಾನೆ. ಗಾಡಿ ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆಯ ದಿಕ್ಕಿಗೆ ಹೊರಳಿದ ಮೇಲೂ ಅವನ ಗುನುಗು ನಿಲ್ಲುವುದಿಲ್ಲ.

ಹೊರಗಿನವರಿಗೆ ಶಿವಪುರವೆಂದರೆ 1938ರ ಏಪ್ರಿಲ್: ಧ್ವಜ ಸತ್ಯಾಗ್ರಹ, ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆ, ಮೈಸೂರು ಕಾಂಗ್ರೆಸ್ಸಿನ ಅಧಿವೇಶನ. ಆ ನೆನಪಿಗೆ ಒಂದು ಸೌಧ ನಿಂತಿದೆ, ಪಠ್ಯಪುಸ್ತಕದಲ್ಲೂ ಜಾಗ ಸಿಕ್ಕಿದೆ. ಆದರೆ ಈ ನೆಲದ ಇನ್ನೊಂದು ಚರಿತ್ರೆ ಪುಸ್ತಕಕ್ಕೆ ಬರುವ ಮೊದಲೇ ಹಾಡಿಗೆ ಬಂದಿತ್ತು. ಬೆಂಗಳೂರಿನಿಂದ ಬರುವಾಗ ಮದ್ದೂರಿಗೆ ಮೊದಲು ಸಿಗುವ ನಿಡಘಟ್ಟವನ್ನೇ ನೋಡಿ. ಬೆಂಗಳೂರು–ಮೈಸೂರು ದಶಪಥದ ಕಡತಗಳಲ್ಲಿ ಅದು ಒಂದು ಪ್ಯಾಕೇಜು ಮುಗಿದು ಇನ್ನೊಂದು ಶುರುವಾಗುವ ಜಾಗ. ಗುರು ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಬಾಯಲ್ಲಿ ಅದು ‘ನಿಡುಘಟ್ಟ’, ಆಚಾರರ ಮನೆಯ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಬೇಡಿಕೊಂಡ ಊರು. ಆ ಕೆಂಪಾಚಾರಿಯೇ ಮುಂದೆ ಸಿದ್ದಪ್ಪಾಜಿ. ಗುರು ಅವನನ್ನು ಕಬ್ಬಿಣದ ಭಿಕ್ಷೆಗೆ ಅಟ್ಟಿದ್ದು ಹಲಗೂರಿನ ಪಾಂಚಾಳರ ಬಳಿಗೆ. ಹಲಗೂರು ಇಂದಿಗೂ ಕನಕಪುರ–ಮಳವಳ್ಳಿ ರಸ್ತೆಯಲ್ಲಿ ಬಸ್ಸು ನಿಲ್ಲುವ, ಕಾಫಿ ಸಿಗುವ ಊರು. ಗುರುವಿನ ಗದ್ದುಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ, ಶಿಷ್ಯನದು ಕಾಡಂಚಿನ ಚಿಕ್ಕಲ್ಲೂರಿನಲ್ಲಿ. ಒಂದು ಬೈಕು, ಒಂದು ಹಗಲು ಇದ್ದರೆ ಮಂಟೇಸ್ವಾಮಿ ಕಾವ್ಯದ ಮುಕ್ಕಾಲು ಭೂಪಟವನ್ನು ಸುತ್ತಿ ಬರಬಹುದು. ಉಳಿದ ಕಾಲು ಭಾಗ ಕಲ್ಯಾಣ ಪಟ್ಟಣ, ಅದು ದೂರ.

ಈ ದಾರಿ ನಡೆದು ಹಾಡಿದವರು ನೀಲಗಾರರು. ಹಣೆಗೆ ಕಪ್ಪು ಧೂಳ್ತ, ಹೆಗಲಿಗೆ ತಂಬೂರಿ, ಜೊತೆಗೆ ಡಕ್ಕಿ, ದಮ್ಮಡಿ, ತಾಳ. ಸಾಲು ಸಾಲು ರಾತ್ರಿ ಹಾಡಿದರೂ ಮಂಟೇಸ್ವಾಮಿ ಕಥೆ ತೀರುವುದಿಲ್ಲ. ಅತ್ತ ಮಲೆ ಮಾದಪ್ಪನ ಕಥೆ ಹಾಡುವ ಕಂಸಾಳೆಯವರದ್ದೂ ಅಷ್ಟೇ: ಒಂದೊಂದು ‘ಸಾಲು’ ಒಂದೊಂದು ರಾತ್ರಿ ನುಂಗುತ್ತದೆ. ನಾಗಮಂಗಲ ಸೀಮೆಯ ಜೀ.ಶಂ. ಪರಮಶಿವಯ್ಯನಂಥವರು ಇದನ್ನು ಕೂತು ಬರೆಸಿಕೊಂಡರು, ದಪ್ಪ ದಪ್ಪ ಪುಸ್ತಕಗಳಾದವು, ವಿಶ್ವವಿದ್ಯಾನಿಲಯದ ಕಪಾಟು ಸೇರಿದವು. ಕಬ್ಬು ಕಡಿಯುವವನ ಕೈಗೆ ಕಾವ್ಯ ತಲುಪಿದ್ದು ಪುಸ್ತಕದಿಂದಲ್ಲ, ಕ್ಯಾಸೆಟ್ಟಿನಿಂದ.

ಎಂಬತ್ತು–ತೊಂಬತ್ತರ ದಶಕದ ಬಸ್ ಸ್ಟ್ಯಾಂಡುಗಳನ್ನು ನೆನೆಸಿಕೊಳ್ಳಿ. ವಾಚು ರಿಪೇರಿ, ಟಾರ್ಚು, ಪರ್ಸು ಮಾರುವ ಗೂಡಂಗಡಿಯ ನೆತ್ತಿಯ ಮೇಲೆ ಕ್ಯಾಸೆಟ್ಟಿನ ಸಾಲು. ಹೊದಿಕೆಯ ಚಿತ್ರದಲ್ಲಿ ಹುಲಿಯ ಮೇಲೆ ಕೂತ ಮಾದಪ್ಪ, ಒಂದು ಮೂಲೆಯಲ್ಲಿ ಹಾಡುಗಾರನ ಅಂಗೈಯಗಲದ ಫೋಟೋ. ಅರವತ್ತು ನಿಮಿಷದ ಟೇಪು, ಒಂದು ಮಗ್ಗುಲಿಗೆ ಮೂವತ್ತೇ ನಿಮಿಷ. ಕಥೆ ಬಿಸಿಯೇರುವ ಹೊತ್ತಿಗೆ ಸರಿಯಾಗಿ ಟಕ್ ಎಂದು ಗುಂಡಿ ಮೇಲೆದ್ದರೆ, ಮನೆಮಂದಿಯಲ್ಲಿ ಚಿಕ್ಕವರು ಯಾರೋ ಎದ್ದು ಟೇಪು ತಿರುವಿ ಹಾಕಬೇಕು. ಸುರುಳಿ ಸಿಕ್ಕಿಕೊಂಡರೆ ರೆನಾಲ್ಡ್ಸ್ ಪೆನ್ನು ತೂರಿಸಿ ಸುತ್ತಬೇಕು. ಮಹದೇವಸ್ವಾಮಿಯವರ ದನಿ ಮನೆಮನೆಯ ದನಿಯಾದದ್ದು ಹೀಗೆ. ನೀಲಗಾರರನ್ನು ಕರೆಸಿ ಊಟ, ದಕ್ಷಿಣೆ ಕೊಡುವ ಶಕ್ತಿ ಇಲ್ಲದ ಮನೆಗೂ ಕಥೆ ಬಂತು. ಕ್ಯಾಸೆಟ್ಟು ಜಾನಪದವನ್ನು ಕೆಡಿಸಿತು ಎಂದು ವಿಚಾರ ಸಂಕಿರಣಗಳಲ್ಲಿ ಗೋಳಿಡುವವರು ಈ ಒಂದು ಮಾತನ್ನು ಯಾಕೋ ಮರೆಯುತ್ತಾರೆ.

ಆದರೆ ಕ್ಯಾಸೆಟ್ಟು ಇನ್ನೊಂದು ಕೆಲಸವನ್ನೂ ಮಾಡಿತು, ಆರಿಸುವ ಕೆಲಸ. ಸ್ಪ್ಯಾನಿಷ್ ಪ್ರೇಮಗೀತೆಗಳ ಹುಲಿಯೋ ಇಗ್ಲೇಸಿಯಸ್ ಇದ್ದಾನಲ್ಲ. ಅವನ ‘ಗ್ರೇಟೆಸ್ಟ್ ಹಿಟ್ಸ್’ ಆಲ್ಬಂ ಮಾಡುವುದು ಸುಲಭ. ಮೂರು ನಾಲ್ಕು ನಿಮಿಷದ ಹಾಡುಗಳು, ಪ್ರತಿಯೊಂದೂ ತನ್ನಷ್ಟಕ್ಕೆ ಪೂರ್ಣ. ಹನ್ನೆರಡನ್ನು ಹೆಕ್ಕಿ ಒಂದು ತಟ್ಟೆಗೆ ಹಾಕಿದರೆ ಯಾವುದಕ್ಕೂ ನೋವಾಗುವುದಿಲ್ಲ. ನಮ್ಮ ತಂಬೂರಿಯವರ ಹಾಡಿಗೆ ಹಾಗೆ ಕತ್ತರಿ ಹಾಕಲು ಬರುವುದಿಲ್ಲ. ಎಲ್ಲಿ ಕೊಯ್ದರೂ ಹಿಂದಿನ ಕಥೆಯ ಬಾಲ ಒಂದು ಕಡೆ, ಮುಂದಿನ ಕಥೆಯ ತಲೆ ಇನ್ನೊಂದು ಕಡೆ ನೇತಾಡುತ್ತದೆ. ಆದರೂ ಕೊಯ್ದರು. ಕೊಯ್ದದ್ದರಲ್ಲಿ ಕೆಲವು ಗೆದ್ದವು.

ಗೆದ್ದವು ಯಾವುವು? ಮಾದಪ್ಪನ ಕಾವ್ಯದ ಸಂಕಮ್ಮ ಮೊದಲನೆಯವಳು. ಕಾಡಿಗೆ ಹೊರಟ ಗಂಡ ನೀಲೇಗೌಡ ಬಲಗೈ ಭಾಷೆ, ಎಂದರೆ ಕೈ ಮುಟ್ಟಿ ಆಣೆ, ಕೇಳುತ್ತಾನೆ, ಅವಳು ಕೊಡುವುದಿಲ್ಲ. ಅವನು ಕೊಟ್ಟ ಹಿಂಸೆಯ ನಡುವೆ ಮಾದಪ್ಪ ಬರುತ್ತಾನೆ, ಅವಳ ಮಕ್ಕಳು ಕಾರಯ್ಯ ಬಿಲ್ಲಯ್ಯ ಹುಟ್ಟುತ್ತಾರೆ. ಈ ಕಥೆ ಸ್ಪೀಕರಿನಲ್ಲಿ ಬಂದಾಗ ಒರಳಿನ ಮುಂದಿದ್ದ ಹೆಂಗಸರ ಕೈ ನಿಲ್ಲುತ್ತಿತ್ತು. ಎರಡನೆಯದು ಹಲಗೂರು ಭಿಕ್ಷೆ. ಗುರು ಕಳಿಸಿದ ಹುಡುಗನೊಬ್ಬ ಉಳ್ಳವರ ಕೇರಿಗೆ ಬಂದು, ಅವರು ಒಡ್ಡಿದ ಒಂದೊಂದೇ ಪರೀಕ್ಷೆಯನ್ನು ದಾಟುವ ಕಥೆ. ಮಂಡ್ಯದವನಿಗೆ ಇದು ಹಿಡಿಸದೆ ಇನ್ನೇನು ಹಿಡಿಸೀತು! ಸಿನಿಮಾದವರೂ ಇದೇ ಕಣಜಕ್ಕೆ ಕೈ ಹಾಕಿದರು. 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಸಂಗೀತಕ್ಕೆ ಎಲ್.ಎನ್. ಶಾಸ್ತ್ರಿ ಹಾಡಿದ ಕೋಲುಮಂಡೆ ಜಂಗಮನ ಹಾಡು ಅವರಿಗೆ ರಾಜ್ಯ ಪ್ರಶಸ್ತಿ ತಂದಿತು. ಮಾದಪ್ಪನ ಹೆಸರು ಕೇಳದ ಉತ್ತರದ ಜಿಲ್ಲೆಗಳಿಗೂ ಆ ಜಂಗಮ ಭಿಕ್ಷೆಗೆ ಹೋಗಿಬಂದ.

ಸೋತದ್ದು ಕಲ್ಯಾಣ. ಮಂಟೇಸ್ವಾಮಿ ವಿಕಾರ ವೇಷದಲ್ಲಿ ಬಸವಣ್ಣನ ಪಟ್ಟಣಕ್ಕೆ ಹೋಗಿ, ತಿಪ್ಪೆಯ ಮೇಲೆ ಮಲಗಿ, ಬೆಳ್ಳಗೆ ವಿಭೂತಿ ಬಳಿದುಕೊಂಡ ಶರಣರನ್ನೆಲ್ಲ ಒರೆಗೆ ಹಚ್ಚುವ ಭಾಗ. ನನ್ನ ಮಟ್ಟಿಗೆ ಇಡೀ ಕಾವ್ಯದ ನೆತ್ತಿ ಅದು. ದೊಡ್ಡ ದೊಡ್ಡ ಮಾತಾಡುವವರಿಗೆ ಕೊಳಕು ಮೈಯೊಂದನ್ನು ಮುಟ್ಟಿ ಎತ್ತಲು ಆಗುತ್ತದೆಯೇ ಎಂದು ಅಲ್ಲಿ ಕೇಳಿದಷ್ಟು ನೇರವಾಗಿ ಕನ್ನಡದಲ್ಲಿ ಬೇರೆಲ್ಲೂ ಕೇಳಿಲ್ಲ. ಎಚ್.ಎಸ್. ಶಿವಪ್ರಕಾಶ್ ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕದಲ್ಲಿ ಈ ಮಂಟೇಸ್ವಾಮಿಯನ್ನು ರಂಗಕ್ಕೆ ತಂದರು. ಆದರೆ ಕಲ್ಯಾಣದ್ದು ನಿಧಾನದ ಭಾಗ. ಹಾಡಿಗಿಂತ ಮಾತು ಹೆಚ್ಚು, ಮಾತಿಗಿಂತ ಮೌನ ಹೆಚ್ಚು. ಟ್ರಾಕ್ಟರಿಗೆ ಒಗ್ಗುವುದಿಲ್ಲ.

ಈಗ ಪೆನ್‌ಡ್ರೈವಿನ ಕಾಲ. ಮದ್ದೂರಿನ ಮೊಬೈಲ್ ಅಂಗಡಿಯಲ್ಲಿ ‘ಸಿದ್ದಪ್ಪಾಜಿ ಹಾಕ್ಕೊಡಿ’ ಎಂದರೆ ಹುಡುಗ ‘ಹಳೇದಾ, ಡಿಜೆದಾ?’ ಎಂದು ಕೇಳುತ್ತಾನೆ. ಡಿಜೆ ಎಂದರೆ ತಂಬೂರಿಯ ಕೆಳಗೆ ಎದೆ ನಡುಗಿಸುವ ತಮಟೆ ಸೇರಿಸಿದ್ದು. ಬನದ ಹುಣ್ಣಿಮೆಯ ಚಿಕ್ಕಲ್ಲೂರು ಜಾತ್ರೆಗೆ ಹೊರಟ ಟೆಂಪೋಗಳಲ್ಲಿ ಅದೇ ನಡೆಯುವುದು. ಕೇಳಲು ಕಷ್ಟ, ಕುಣಿಯಲು ಸೊಗಸು ಎಂದು ಒಪ್ಪಬೇಕು.

ಹಾಗಂತ ಇಡೀ ರಾತ್ರಿಯ ಕಥೆ ನಿಂತುಹೋಗಿಲ್ಲ. ತಿಥಿಯ ಮನೆಗಳಲ್ಲಿ, ಹರಕೆ ಹೊತ್ತವರ ಅಂಗಳದಲ್ಲಿ ಈಗಲೂ ತಂಬೂರಿಯವರನ್ನು ಕರೆಸುತ್ತಾರೆ. ಶಾಮಿಯಾನದ ಕೆಳಗೆ ಚಾಪೆ, ಒಂದು ಟ್ಯೂಬ್‌ಲೈಟು, ಅದಕ್ಕೆ ಮುತ್ತಿದ ಹುಳ. ಮುಖ್ಯ ಹಾಡುಗಾರ ಬಲಗೈ ಬೆರಳಿನಲ್ಲಿ ತಂತಿ ಮೀಟುತ್ತ, ಎಡಗೈಯ ಗಗ್ಗರವನ್ನು ತೊಡೆಗೆ ತಾಗಿಸಿ ಲಯ ಹಿಡಿಯುತ್ತಾನೆ. ಮುದುಕಿಯೊಬ್ಬಳು ಕಣ್ಣೊರೆಸಿಕೊಂಡರೆ ಅದೇ ಪದವನ್ನು ಇನ್ನೊಂದು ಸುತ್ತು ಎಳೆಯುತ್ತಾನೆ. ಹಿಂದಿನ ಸಾಲಿನಲ್ಲಿ ಯಾರೋ ತೂಕಡಿಸಿದರೆ ಅವನ ಹೆಸರನ್ನೇ ಕಥೆಗೆ ಸೇರಿಸಿ ನಗಿಸುತ್ತಾನೆ. ಮಗ್ಗುಲು ಬದಲಿಸುವ ಗುಂಡಿ ಇಲ್ಲಿ ಕೇಳುವವರ ಮುಖದಲ್ಲಿರುತ್ತದೆ.

ಕ್ಯಾಸೆಟ್ಟು ಕೇಳಿ ಬೆಳೆದವರು ಮಾತ್ರ ಇಲ್ಲಿಗೂ ತಮ್ಮ ಪಟ್ಟಿ ಹಿಡಿದೇ ಬರುತ್ತಾರೆ. ‘ಅಣ್ಣೋ, ಸೀದಾ ಹಲಗೂರಿಗೇ ಬಂದ್ಬುಡಿ, ಬೆಳಿಗ್ಗೆ ಕಟಾವಿಗೆ ಹೋಗ್ಬೇಕು’ ಎಂದು ಎದ್ದು ನಿಂತು ಕೇಳುವವನು ಪ್ರತಿ ಅಂಗಳದಲ್ಲೂ ಒಬ್ಬ ಇದ್ದೇ ಇರುತ್ತಾನೆ. ಹಾಡುಗಾರ ಆಯ್ತಪ್ಪ ಎಂದು ತಲೆಯಾಡಿಸಿ, ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ಧರೆಗೆ ದೊಡ್ಡವರಾದ ಮಂಟೇಸ್ವಾಮಿಯನ್ನು ನೆನೆದು ಕಲ್ಯಾಣದಿಂದಲೇ ಶುರುಮಾಡುತ್ತಾನೆ. ರಾತ್ರಿ ಹನ್ನೆರಡಾದರೂ ಮಂಟೇಸ್ವಾಮಿ ಇನ್ನೂ ತಿಪ್ಪೆಯ ಮೇಲೆಯೇ ಮಲಗಿರುತ್ತಾನೆ. ಕೇಳಿದವನು ಬೈದುಕೊಳ್ಳುತ್ತ, ಕಂಬಕ್ಕೆ ಒರಗಿ, ಹಲಗೂರು ಬರಲೆಂದು ಕಾಯುತ್ತಾ ಕೂತಿರುತ್ತಾನೆ.