ಅಂಗನವಾಡಿಯ ದಾರಿಯಲ್ಲಿ ಪುಟ್ಟ ಮಕ್ಕಳ ಸುರಕ್ಷತೆ

ಮಗುವಿಗೆ ಏನು ಉಣಿಸಬೇಕು, ಯಾವ ಲಸಿಕೆಯನ್ನು ಯಾವಾಗ ಹಾಕಿಸಬೇಕು ಎಂಬುದು ಈಗ ನಮ್ಮ ಹಳ್ಳಿಗಳ ತಾಯಂದಿರಿಗೂ ಚೆನ್ನಾಗಿ ಗೊತ್ತು. ಆದರೆ ಮಗುವನ್ನು ದಿನವೂ ಅಂಗನವಾಡಿಗೋ ಶಿಶುವಿಹಾರಕ್ಕೋ ಹೇಗೆ ಕರೆದೊಯ್ಯಬೇಕು ಎಂಬುದೂ ಆರೋಗ್ಯದ ವಿಷಯವೇ ಎಂದು ಯೋಚಿಸುವವರು ಕಡಿಮೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹೆಚ್ಚಿನ ಮನೆಗಳಿಗೆ ಕಾರಿಲ್ಲ. ಮಕ್ಕಳು ಅಮ್ಮನ ಕಂಕುಳಲ್ಲೋ, ಅಜ್ಜಿಯ ಕೈ ಹಿಡಿದು ನಡೆದೋ, ಅಪ್ಪನ ಬೈಕಿನಲ್ಲೋ, ಆಟೋ, ಬಸ್ಸಿನಲ್ಲೋ ಹೋಗುತ್ತಾರೆ. ಕಾರಿಲ್ಲದಿರುವುದು ಕೊರತೆಯೇನೂ ಅಲ್ಲ. ಆದರೆ ಪ್ರತಿಯೊಂದು ವಿಧಾನಕ್ಕೂ ಅದರದೇ ಅಪಾಯಗಳಿವೆ, ಅವುಗಳಲ್ಲಿ ಹೆಚ್ಚಿನವನ್ನು ತಪ್ಪಿಸಬಹುದು.

ಬಿಡಿಸುವುದು ಪರಿಹಾರವಲ್ಲ

ದಾರಿ ಕಷ್ಟವೆಂದು ಕೆಲವರು ಮಗುವನ್ನು ಅಂಗನವಾಡಿಗೆ ಕಳುಹಿಸುವುದನ್ನೇ ನಿಲ್ಲಿಸಿಬಿಡುತ್ತಾರೆ. ಇದು ಸರಿಯಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಮೊದಲು ಆಯ್ಕೆಯಾದದ್ದು ನಮ್ಮ ಜಿಲ್ಲೆಯದೇ ಟಿ. ನರಸೀಪುರ. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಆಟ-ಪಾಠ, ತೂಕ ನೋಡುವ ವ್ಯವಸ್ಥೆ ಎಲ್ಲವೂ ಇವೆ. ಇನ್ನೂ ಚಿಕ್ಕ ಕೂಸುಗಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು.

ಅಂಗನವಾಡಿಗೆ ಹೋಗದ ಮಗು ಸಾಮಾನ್ಯವಾಗಿ ತಾಯಿಯ ಜೊತೆ ಹೊಲಕ್ಕೆ ಹೋಗುತ್ತದೆ. ನಮ್ಮದು ಹೊಗೆಸೊಪ್ಪು ಬೆಳೆಯುವ ಸೀಮೆ. ಮಳೆಯಲ್ಲೋ ಇಬ್ಬನಿಯಲ್ಲೋ ನೆನೆದ ಹಸಿ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ದೇಹಕ್ಕೆ ಸೇರುತ್ತದೆ. ಎಲೆ ಮುರಿಯುವ ದೊಡ್ಡವರಿಗೇ ಇದರಿಂದ ವಾಂತಿ, ತಲೆಸುತ್ತು ಬರುವುದುಂಟು. ಪುಟ್ಟ ದೇಹಕ್ಕೆ ಅಷ್ಟೂ ಬೇಕಾಗಿಲ್ಲ. ಬ್ಯಾರನ್ನಿನ ಬಿಸಿ ಮತ್ತು ಹೊಗೆ, ತೆರೆದ ನೀರಿನ ಹೊಂಡ, ಔಷಧಿ ಸಿಂಪಡಿಸುವ ಕ್ಯಾನು, ಇವೆಲ್ಲ ಅಲ್ಲಿ ಮಗುವಿನ ಕೈಗೆಟುಕುತ್ತವೆ. ಆದ್ದರಿಂದ ದಾರಿಯನ್ನು ಸರಿಪಡಿಸಿಕೊಳ್ಳಬೇಕೇ ಹೊರತು ಮಗುವನ್ನು ಬಿಡಿಸಬಾರದು.

ನಡೆದು ಹೋಗುವುದು

ಅಂಗನವಾಡಿ ಊರೊಳಗೇ ಇದ್ದರೆ ನಡೆಯುವುದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಹಸಿವೆ, ನಿದ್ರೆ ಎರಡೂ ಚೆನ್ನಾಗುತ್ತವೆ. ಆದರೆ ಮೂರು ವರ್ಷದ ಮಗು ನಿಮ್ಮ ವೇಗಕ್ಕೆ ನಡೆಯಲಾರದು. ನೀವು ಐದು ನಿಮಿಷದಲ್ಲಿ ಹೋಗುವ ದಾರಿಗೆ ಅದಕ್ಕೆ ಹತ್ತು ನಿಮಿಷವಾದರೂ ಬೇಕು. ಮಗುವಿನ ಮಣಿಕಟ್ಟನ್ನು ಹಿಡಿದು ಥಟ್ಟನೆ ಮೇಲಕ್ಕೆ ಎಳೆಯಬೇಡಿ. ಈ ವಯಸ್ಸಿನಲ್ಲಿ ಮೊಣಕೈ ಕೀಲು ಸುಲಭವಾಗಿ ಜಾರುತ್ತದೆ. ಮಗುವನ್ನು ರಸ್ತೆಯ ಕಡೆಗೆ ಬಿಡದೆ ಅಂಚಿನ ಕಡೆ ನಡೆಸಿ.

ಕೆ.ಆರ್. ನಗರದ ಕಡೆ ನಾಲೆಯ ಏರಿಯೇ ಹಲವರಿಗೆ ಹತ್ತಿರದ ದಾರಿ. ನೀರು ಬಿಟ್ಟಿರುವ ತಿಂಗಳುಗಳಲ್ಲಿ ಸುತ್ತಾದರೂ ಬೇರೆ ದಾರಿ ಹಿಡಿಯಿರಿ. ಅದು ಆಗದಿದ್ದರೆ ಮಗುವನ್ನು ಎತ್ತಿಕೊಳ್ಳಿ ಇಲ್ಲವೇ ಕೈ ಬಿಡದೆ ನಡೆಸಿ. ಎಚ್.ಡಿ. ಕೋಟೆಯ ಮತ್ತು ಹುಣಸೂರಿನ ಕಾಡಂಚಿನ ಹಾಡಿಗಳಲ್ಲಿ ಬೆಳಕು ಚೆನ್ನಾಗಿ ಹರಿದ ಮೇಲೆ ನಾಲ್ಕಾರು ಜನ ಒಟ್ಟಿಗೆ ಹೊರಡುವುದು ಲೇಸು. ಆನೆ ಸುಳಿದಾಡಿದ ಸುದ್ದಿ ಇದ್ದ ದಿನ ಮಗು ಮನೆಯಲ್ಲೇ ಇರಲಿ.

ಕೈಗೂಸನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗುವಾಗ ಅದರ ಮುಖ ಕಾಣುವಂತಿರಬೇಕು. ಗಲ್ಲ ಎದೆಗೆ ಒತ್ತಿಕೊಂಡರೆ ಉಸಿರಾಟಕ್ಕೆ ತೊಂದರೆಯಾಗುತ್ತದೆ.

ಬೈಕಿನಲ್ಲಿ ಎಚ್ಚರ

ನಿಜವಾದ ಅಪಾಯವಿರುವುದು ಇಲ್ಲಿ. ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುವ ತಂದೆಯಂದಿರನ್ನು ದಿನವೂ ಕಾಣುತ್ತೇವೆ. ಕಣ್ಣೆದುರಿಗೇ ಇದೆಯೆಂಬ ಧೈರ್ಯ ಅವರದು. ಆದರೆ ಥಟ್ಟನೆ ಬ್ರೇಕ್ ಹಾಕಿದಾಗ ಸವಾರನ ಭಾರವೆಲ್ಲ ಮಗುವಿನ ಮೇಲೆ ಬಿದ್ದು ಅದರ ಎದೆ, ಹೊಟ್ಟೆ, ಮುಖ ಹ್ಯಾಂಡಲಿಗೆ ಬಡಿಯುತ್ತವೆ. ಚಿಕ್ಕ ಮಕ್ಕಳಿಗೆ ಮೈಯ ಅಳತೆಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು, ಕುತ್ತಿಗೆಯ ಬಲ ಕಡಿಮೆ. ಬಿದ್ದರೆ ತಲೆಯೇ ಮೊದಲು ನೆಲಕ್ಕೆ ತಾಗುತ್ತದೆ. ತಾಯಿ ಒಂದೇ ಕಡೆ ಕಾಲು ಹಾಕಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡರೂ ಅಷ್ಟೆ. ಅವಳ ಎರಡು ಕೈಗಳೂ ಮಗುವಿನ ಮೇಲಿರುವುದರಿಂದ ಹಂಪ್ ಬಂದಾಗ ಇಬ್ಬರಿಗೂ ಹಿಡಿತವಿರುವುದಿಲ್ಲ.

2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿ, 2023ರ ಫೆಬ್ರವರಿ 15ರಿಂದ ಜಾರಿಗೆ ಬಂದ ನಿಯಮದಂತೆ ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ಅದರ ಅಳತೆಯ ಹೆಲ್ಮೆಟ್ ಹಾಗೂ ಸವಾರನ ಮೈಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ ಕಡ್ಡಾಯ. ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಬೇಕೇ ಬೇಕು. ದೊಡ್ಡವರ ಹೆಲ್ಮೆಟ್ ಮಗುವಿನ ತಲೆಯಲ್ಲಿ ನಿಲ್ಲದು, ಅದರಿಂದ ಪ್ರಯೋಜನವಿಲ್ಲ. ಸೀರೆಯಿಂದ ಬಿಗಿಯುವುದು ಪಟ್ಟಿಗೆ ಸಮವಲ್ಲ. ಒಂಬತ್ತು ತಿಂಗಳೊಳಗಿನ ಕೂಸನ್ನು ಬೈಕಿನಲ್ಲಿ ಒಯ್ಯಲೇಬೇಡಿ.

ಇನ್ನೊಂದು ಮಾತು. ಹಿಂದಿನ ಚಕ್ರದ ಕಡ್ಡಿಗಳಿಗೆ ಮಗುವಿನ ಹಿಮ್ಮಡಿ ಸಿಕ್ಕಿಕೊಳ್ಳುವುದು ಬಹಳ ಸಾಮಾನ್ಯ. ಸೈಕಲ್ಲಿನಲ್ಲೂ ಇದು ಆಗುತ್ತದೆ. ಚಕ್ರಕ್ಕೆ ಸೀರೆ ಗಾರ್ಡ್ ಹಾಕಿಸಿ, ಮಗುವಿಗೆ ಬೂಟು ತೊಡಿಸಿ.

ಆಟೋ ಮತ್ತು ಬಸ್ಸು

ಆಟೋದಲ್ಲಿ ಮಗುವನ್ನು ನಡುವೆ ಕೂರಿಸಿ, ಚಾಲಕನ ಪಕ್ಕದಲ್ಲಿ ಬೇಡ. ಕೂಲಿಯವರನ್ನು ತುಂಬಿಕೊಂಡು ಹೋಗುವ ಗೂಡ್ಸ್ ಗಾಡಿಯಲ್ಲಿ ಮಗುವನ್ನು ನಿಲ್ಲಿಸಿಕೊಂಡು ಹೋಗುವುದು ತೀರ ಅಪಾಯಕರ.

ಮುಖ್ಯ ರಸ್ತೆಯಲ್ಲಿ ಎರಡು ಮೂರು ಮೈಲಿ ಹೋಗಬೇಕಾದವರಿಗೆ ಬೈಕಿಗಿಂತ ಬಸ್ಸೇ ಸುರಕ್ಷಿತ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ಟಿಗೆ ಹಣವಿಲ್ಲ. ಬಸ್ಸು ಪೂರ್ತಿ ನಿಂತ ಮೇಲೆಯೇ ಇಳಿಯಿರಿ. ಬಸ್ಸಿನ ಮುಂಭಾಗದಿಂದ ರಸ್ತೆ ದಾಟಬೇಡಿ, ಅದು ಹೊರಟ ನಂತರ ದಾಟಿ. ಬಸ್ಸಿನಲ್ಲಿ ವಾಂತಿ ಮಾಡುವ ಮಗುವಿಗೆ ಹೊರಡುವ ಮುನ್ನ ಹೊಟ್ಟೆ ತುಂಬ ತಿನ್ನಿಸದೆ ಸ್ವಲ್ಪ ಇಡ್ಲಿಯನ್ನೋ ಬ್ರೆಡ್ಡನ್ನೋ ಕೊಡಿ.

ಪೆಟ್ಟಾದಾಗ

ತಲೆಗೆ ಪೆಟ್ಟು ಬಿದ್ದ ಮಗು ಪದೇ ಪದೇ ವಾಂತಿ ಮಾಡಿದರೆ, ಎಚ್ಚರ ತಪ್ಪಿದರೆ, ಮಂಕಾದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತವೋ ನೀರೋ ಸೋರಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಸೈಲೆನ್ಸರ್ ತಾಗಿ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ. ಟೂತ್‌ಪೇಸ್ಟ್ ಹಚ್ಚಬೇಡಿ. ಚಕ್ರಕ್ಕೆ ಸಿಕ್ಕ ಕಾಲನ್ನು ತೊಳೆದು ಶುದ್ಧ ಬಟ್ಟೆ ಸುತ್ತಿ. ಕಾಫಿಪುಡಿ, ಸುಣ್ಣ ಬೇಡ. ಮೇಲೆ ಸಣ್ಣ ಗಾಯದಂತೆ ಕಂಡರೂ ಒಳಗೆ ಮೂಳೆ ಮುರಿದಿರಬಹುದು, ಎರಡು ಮೂರು ದಿನಗಳ ನಂತರ ಚರ್ಮ ಕಪ್ಪಾಗಬಹುದು. ಆದ್ದರಿಂದ ವೈದ್ಯರಿಗೆ ತೋರಿಸಲೇಬೇಕು. ನಾಯಿ ಕಚ್ಚಿದರೆ ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು, ಆ ದಿನವೇ ಲಸಿಕೆ ಆರಂಭಿಸಿ.

ಬೆಳಗಿನ ಗಡಿಬಿಡಿಯೇ ಇವುಗಳಲ್ಲಿ ಅರ್ಧಕ್ಕೆ ಕಾರಣ. ಹತ್ತು ನಿಮಿಷ ಮೊದಲು ಹೊರಟರೆ ನಡೆಯಲು ಸಮಯ ಸಿಗುತ್ತದೆ, ಬೈಕಿನ ವೇಗ ತಗ್ಗುತ್ತದೆ. ಒಂದು ಬೀದಿಯ ನಾಲ್ಕು ಮನೆಯವರು ಸರದಿಯ ಮೇಲೆ ಮಕ್ಕಳನ್ನು ನಡೆಸಿಕೊಂಡು ಹೋದರೆ ಉಳಿದ ಮೂವರ ಕೆಲಸವೂ ನಿಲ್ಲುವುದಿಲ್ಲ. ಮಗುವಿಗೊಂದು ಹೆಲ್ಮೆಟ್ ಕೊಳ್ಳುವುದು ದುಂದುವೆಚ್ಚವೆಂದು ಯಾರೂ ಭಾವಿಸಬಾರದು.