ಭಾನುವಾರ ನುಂಗಿದ ರಜೆ

2025ರಲ್ಲಿ ಗಣರಾಜ್ಯೋತ್ಸವವೂ ಯುಗಾದಿಯೂ ಭಾನುವಾರ ಬಂದವು. ಗಾಂಧಿ ಜಯಂತಿಯಂದೇ ವಿಜಯದಶಮಿ. ಮೂರು ರಜೆಗಳು ಕೈತಪ್ಪಿದಂತಾಯಿತು. 2026ರ ರಾಜ್ಯೋತ್ಸವವೂ ಭಾನುವಾರವೇ. ಭಾನುವಾರದ ಹಬ್ಬಗಳನ್ನು ಸರ್ಕಾರದ ರಜಾ ಪಟ್ಟಿ ಸೇರಿಸಿಕೊಳ್ಳುವುದಿಲ್ಲ. ಸೇವೆಯಲ್ಲಿದ್ದಾಗ ನಾನೂ ಈ ಬಗ್ಗೆ ಗೊಣಗಿದ್ದುಂಟು. ಆದರೆ ಸಂಬಳದಾರನ ಗೊಣಗಾಟಕ್ಕೆ ತೂಕ ಕಡಿಮೆ. 2019ರಿಂದ ಅವನಿಗೆ ನಾಲ್ಕನೇ ಶನಿವಾರವೂ ಬಿಡುವು.

ಗೌರಿಬಿದನೂರಿನ ಕಾರ್ಖಾನೆ ಕಾರ್ಮಿಕ, ಚಿಂತಾಮಣಿಯ ಅಂಗಡಿ ನೌಕರರಂಥವರ ಲೆಕ್ಕ ಬೇರೆ. ವಾರಕ್ಕೆ ಆರು ದಿನ ದುಡಿಯುವವರಿಗೆ ಹಬ್ಬ ಭಾನುವಾರ ಬಿದ್ದರೆ ವಿಶ್ರಾಂತಿಯ ಒಂದು ದಿನವೇ ನಷ್ಟ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕುರಿತ ರಾಜ್ಯದ 1963ರ ಕಾಯ್ದೆಯ ಪ್ರಕಾರ, ರಜಾದಿನ ದುಡಿಸಿದರೆ ಮಾಲೀಕ ಇಮ್ಮಡಿ ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ವೇತನಸಹಿತ ಬದಲಿ ರಜೆ. ಯಂತ್ರ ಕಸಿದ ರಜೆಗೆ ಬದಲಿ ಉಂಟೆಂದರೆ, ಪಂಚಾಂಗ ಕಸಿದದ್ದಕ್ಕೆ ಏಕಿರಬಾರದು? ಬ್ರಿಟನ್ನಿನಲ್ಲಿ ವಾರಾಂತ್ಯಕ್ಕೆ ಬಿದ್ದ ರಜೆ ಸೋಮವಾರಕ್ಕೆ ಸರಿಯುತ್ತದೆ. ನಮ್ಮಲ್ಲಿ ರಾಷ್ಟ್ರೀಯ ದಿನಗಳು ಕದಲವು, ನಿಜ. ಹಬ್ಬದ ರಜೆಗಳನ್ನಾದರೂ ಮಾಲೀಕರು, ನೌಕರರು ಸಮಾಲೋಚಿಸಿ ನಿಗದಿಪಡಿಸುವಾಗ ಭಾನುವಾರಗಳನ್ನು ತಪ್ಪಿಸಬಹುದು.

ಶಿಡ್ಲಘಟ್ಟದ ಮನೆಮನೆಯ ರೀಲಿಂಗ್ ಘಟಕಗಳಲ್ಲಿ ಪಟ್ಟಿಯ ಮಾತೇ ಇಲ್ಲ. ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಹೊರಬರುವ ಮೊದಲು ನೂಲು ತೆಗೆಯಬೇಕು. ದುಡಿದ ದಿನಕ್ಕಷ್ಟೇ ಕೂಲಿ ಪಡೆಯುವ ಆ ಹೆಣ್ಣುಮಕ್ಕಳಿಗೆ ಹಬ್ಬ ಯಾವ ವಾರ ಬಂದರೂ ಒಂದೇ.